ಕೀಸಿದ ಬಾಗಿಲು

ನಮ್ಮ ಊರಿನಲ್ಲಿ ಸೊಸೆ ಬಸುರಾದ ಸುದ್ದಿಯನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಒಂದು ಬೆಳಿಗ್ಗೆ ಆ ಮನೆಯ ಗಂಡಸು ಬಚ್ಚಲಿನ ಬಾಗಿಲನ್ನು ಎಳೆದೂ ಎಳೆದೂ ಸುಸ್ತಾಗಿ, ಒಳಗಿನಿಂದಲೇ "ಯಾರರ ಬರ್ರೀ" ಎಂದು ಕೂಗುತ್ತಾನೆ. ಓಣಿಯ ಹೆಂಗಸರು ಕೇಳಿಸಿಕೊಂಡು ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಾರೆ. ಸುದ್ದಿ ಮುಟ್ಟಿತು. ಬಸುರಿಯ ಮನಸ್ಸು ಬಿಗಿಯಾದರೆ ಅವಳಿರುವ ಮನೆಯ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಂಡು ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ. ಅವಳು ಹಗುರಾದರೆ ಅವೂ ಸಡಿಲಾಗುತ್ತವೆ. ಕಿಟಕಿ, ಕಪಾಟು, ಪೆಟ್ಟಿಗೆ, ಮುಚ್ಚಳವಿರುವ ಕಟ್ಟಿಗೆಯ ಸಾಮಾನು ಎಲ್ಲಕ್ಕೂ ಇದೇ ಕಾನೂನು. ನಾನು ಹೊರಗಿನಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ನನ್ನದೇ ಸರದಿ ಬಂತು.

ಊರು ಇದಕ್ಕೆ ಹೊಂದಿಕೊಂಡಿದೆ. ಬಸುರಿ ಇರುವ ಮನೆಯಲ್ಲಿ ಉಪ್ಪು, ಕಡ್ಡಿಪೆಟ್ಟಿಗೆ, ಔಷಧದ ಬಾಟಲಿ ಇಂಥವನ್ನು ಕಪಾಟಿನಲ್ಲಿ ಇಡುವುದಿಲ್ಲ. ಜಾಣರು ಬಚ್ಚಲಿನ ಬಾಗಿಲನ್ನೇ ಕಳಚಿ ತಾಡಪತ್ರಿ ಕಟ್ಟುತ್ತಾರೆ. ಅಂಚೆಯವನು ಬಾಗಿಲು ಬಡಿಯದೆ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಾ ಕಾಯುತ್ತಾನೆ. ಕಳ್ಳರಂತೂ ಅಂಥ ಮನೆಯ ಕಡೆ ತಲೆಹಾಕಿ ಮಲಗುವುದಿಲ್ಲ, ಒಳಗೆ ಹೋದವನು ಬೆಳಗಾದರೂ ಹೊರಗೆ ಬಂದಾನೆಂಬ ನಂಬಿಕೆಯಿಲ್ಲ. ಹೆರಿಗೆ ಆಸ್ಪತ್ರೆಯೊಂದನ್ನು ಯಾವಾಗಲೋ ಕಟ್ಟಿದ್ದರು. ಒಂದೇ ಸೂರಿನಡಿ ಅಷ್ಟೊಂದು ಬಸುರಿಯರು ಸೇರಿದ ಮೇಲೆ ಅದರ ಬಾಗಿಲುಗಳ ಗತಿ ಏನಾಗಬೇಕು? ಡಾಕ್ಟರು ತಮ್ಮ ಕೋಣೆಯಲ್ಲಿಯೇ ಸಿಕ್ಕಿಬಿದ್ದು ಕಿಟಕಿಯ ಸರಳಿನಿಂದ ಊಟ ತೆಗೆದುಕೊಂಡರಂತೆ. ಈಗ ಅಲ್ಲಿ ಗೊಬ್ಬರದ ಗೋದಾಮು ಇದೆ. ಹೆರಿಗೆಗೆ ನರ್ಸಮ್ಮನೇ ಮನೆಗೆ ಬರುತ್ತಾಳೆ.

ನಮ್ಮದು ಬಡಿಗೇರ ಮನೆ. ಊರಿನ ಅರ್ಧ ಬಾಗಿಲುಗಳನ್ನು ಮಾಡಿದವರು ನಮ್ಮ ಮಾವ, ಉಳಿದರ್ಧವನ್ನು ಮಾಡಿದವರು ಅವರ ಇಬ್ಬರು ಮಕ್ಕಳು. ಹಿರಿಯ ಕಾಳಪ್ಪ ನನ್ನ ಗಂಡ, ಕಿರಿಯ ಮೌನೇಶ ನನ್ನ ಮೈದುನ. ನಮ್ಮ ಮನೆಯ ಬಾಗಿಲುಗಳು ಸಾಗವಾನಿಯವು, ಚೌಕಟ್ಟಿಗೂ ಅವಕ್ಕೂ ನಡುವೆ ಗಾಳಿ ಕೂಡ ಕೇಳಿಯೇ ಒಳಗೆ ಬರಬೇಕು. ನಾನು ಬಸುರಾದಾಗ ಅವು ಕಲ್ಲಿನಂತೆ ಕೂತವು. ಕಾಳಪ್ಪ ಏನು ಮಾಡಿದ? ಹೆಗಲು ಕೊಟ್ಟು ಒಂದು ಗುದ್ದು ಗುದ್ದಿ, ಒಳಗೆ ಬಂದು, "ಊಟಕ್ಕೇನು ಮಾಡೀದಿ?" ಅಂದ. ಎರಡು ಹೆರಿಗೆಗೂ ಅದೇ ಗುದ್ದು, ಅದೇ ಮಾತು. ಅವನ ಬಲಗಡೆಯ ಹೆಗಲು ಇವತ್ತಿಗೂ ತುಸು ಜೋತುಬಿದ್ದಿದೆ. ನಮ್ಮ ಅತ್ತೆ ನೀಲವ್ವ ಅದನ್ನು ನೋಡಿದಾಗಲೆಲ್ಲ, "ನೋಡು, ನಿನ್ನ ಬಸಿರಿನ ದೆಸಿಂದ ನನ್ನ ಮಗನ ಹೆಗಲು ಹೋತು" ಅನ್ನುತ್ತಾಳೆ. ಬಾಗಿಲನ್ನೇಕೆ ಕಳಚಲಿಲ್ಲ ಎಂದು ಕೇಳಬೇಡಿ. ಬಡಿಗೇರ ಮನೆಯ ಬಾಗಿಲು ಕಳಚಿ ತಾಡಪತ್ರಿ ಕಟ್ಟಿದರೆ ಮಂದಿ ಏನಂದಾರು ಎನ್ನುವುದು ಅತ್ತೆಯ ಪ್ರಶ್ನೆ.

ಆದರೆ ನಾನು ಹೇಳಹೊರಟಿದ್ದು ನನ್ನ ನೆಗೆಣ್ಣಿ ಸಾವಂತ್ರಿಯ ಕಥೆ, ಮೌನೇಶನ ಹೆಂಡತಿಯದು. ಅವಳು ಇದೇ ಊರಿನವಳು. ಚಿಕ್ಕ ಹುಡುಗಿಯಾಗಿದ್ದಾಗ ಅವಳ ಅವ್ವ ಎರಡನೆಯ ಹೆರಿಗೆಗೆ ಕೂತಳು. ಕೋಣೆಯ ಬಾಗಿಲು ಬಿಗಿಯಿತು, ನರ್ಸಮ್ಮ ಹೊರಗೆ ಉಳಿದಳು. ಬಾಗಿಲು ಕಡಿಯಲು ನಮ್ಮ ಮಾವನನ್ನು ಕರೆಸಿದರು. ಕೊಡಲಿಯ ಒಂದೊಂದು ಏಟು ಬಿದ್ದಾಗಲೂ ಬಾಗಿಲು ಇನ್ನಷ್ಟು ಕಚ್ಚಿಕೊಳ್ಳುತ್ತಿತ್ತು ಎಂದು ಮಾವ ಸಾಯುವವರೆಗೂ ಹೇಳುತ್ತಿದ್ದರು. ಅಂತೂ ಕಡಿದು ಒಳಗೆ ಹೋದಾಗ ತಾಯಿಯೂ ಉಳಿದಿರಲಿಲ್ಲ, ಕೂಸೂ ಉಳಿದಿರಲಿಲ್ಲ. ಅಷ್ಟು ಹೊತ್ತೂ ಸಾವಂತ್ರಿ ಅಂಗೈಯನ್ನು ಬಾಗಿಲಿಗೆ ಒತ್ತಿಕೊಂಡು ಹೊರಗೆ ನಿಂತಿದ್ದಳಂತೆ. ಊರಿಗೆಲ್ಲ ಈ ಸಂಗತಿ ಗೊತ್ತು. ಅದಕ್ಕೇ ಅವಳೆದುರು ಯಾರೂ ಆಡುತ್ತಿರಲಿಲ್ಲ. ಅವಳನ್ನು ಬೆಳೆಸಿದ ಅಜ್ಜಿಯೂ ತೀರಿಕೊಂಡಿದ್ದರಿಂದ ಹೆರಿಗೆಗೆ ಹೋಗಲು ತವರಿರಲಿಲ್ಲ. ಅವಳು ಹೆರಬೇಕಾದದ್ದು ನಮ್ಮ ಮನೆಯಲ್ಲೇ, ನಮ್ಮ ಆ ಗಾಳಿಯಾಡದ ಬಾಗಿಲುಗಳ ಹಿಂದೆ.

ಅವಳಿಗೆ ದಿನ ನಿಂತಾಗ ನಮ್ಮ ಬಾಗಿಲುಗಳು ಹೇಗೆ ಬಿಗಿದವೆಂದರೆ ಕಾಳಪ್ಪನ ಇನ್ನೊಂದು ಹೆಗಲೂ ಸಾಲಲಿಲ್ಲ. ನಾನೇ ಅವಳನ್ನು ಜೈತುನಬಿ ಟೀಚರ ಪಾಠಕ್ಕೆ ಕರೆದುಕೊಂಡು ಹೋದೆ.

ಜೈತುನಬಿ ಟೀಚರು ಸಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ಸಾವಂತ್ರಿಯ ಅವ್ವ ತೀರಿಕೊಂಡ ಮರುವರ್ಷದಿಂದ ಅವರು ಬಸುರಿಯರಿಗೆ ಮೈ ಸಡಿಲ ಬಿಡುವುದನ್ನು ಕಲಿಸುತ್ತಾ ಬಂದಿದ್ದಾರೆ. ಸಾಲೆಯ ಹಿಂದಿನ ಬಯಲಿನಲ್ಲಿ ನಾಲ್ಕೂ ಕಡೆ ತೆರೆದ ಒಂದು ಚಪ್ಪರ, ಬಾಗಿಲಿನ ತಂಟೆಯೇ ಇಲ್ಲ. ಕೊರಳಲ್ಲಿ ಹಳೆಯ ಸೀಟಿ. ವಿಶ್ರಾಂತಿ ಕಲಿಸುವವರ ದನಿ ಜೇನಿನ ಹಾಗೆ ಇರುತ್ತದೆಂದು ನಾನು ತಿಳಿದಿದ್ದೆ. ಇವರದು ಪರೇಡಿನ ದನಿ. ಸೀಟಿ ಊದಿ, "ದವಡಿ ಬಿಡ್ರೀ! ಹೆಗಲು ಕೆಳಗ! ಹಣೀ ಮ್ಯಾಲೆ ಅದೇನದು ಗಂಟು? ಯಾರ್ ಮನೀ ಸಾಲಾ ತೀರಸೂದೈತಿ ನಿಂದು? ಬಿಚ್ಚು ಅದನ್ನ!" ಎಂದು ಗದರುತ್ತಿದ್ದರು. ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ ಬಸುರಿಯರೆಲ್ಲ ಮೊದಲು ಬೆಚ್ಚುತ್ತಿದ್ದರು, ಆಮೇಲೆ ನಗುತ್ತಿದ್ದರು. ನಕ್ಕಮೇಲೆ ದವಡೆ ತಾನಾಗಿಯೇ ಬಿಡುತ್ತದಲ್ಲ, ಟೀಚರಿಗೆ ಅಷ್ಟೇ ಬೇಕಾಗಿತ್ತು.

ಅವರ ಪಾಠ ಉಲ್ಟಾ ಪಾಠ. ಸಡಿಲ ಬಿಡಲು ಹೇಳುವ ಮೊದಲು ಬಿಗಿಯಲು ಹೇಳುತ್ತಿದ್ದರು. "ಮುಷ್ಟಿ ಹಿಡೀರಿ. ಇನ್ನೂ ಬಿಗಿ. ಗಂಡನ ಮ್ಯಾಲಿನ ಸಿಟ್ಟು ನೆನಸ್ಕೊಂಡು ಹಿಡೀರಿ! ಹಾಂ, ಈಗ ಬಿಡ್ರಿ. ಉಸಿರು ಹೊರಗ ಬಿಡ್ರಿ, ಬಿಸಿ ಚಹಾ ಆರಸ್ತೀರಲ್ಲ, ಹಂಗ." ಸಾವಂತ್ರಿ ಮುಷ್ಟಿ ಹಿಡಿದರೆ ಬಿಡಲು ಬರುತ್ತಿರಲಿಲ್ಲ. ಟೀಚರು ಅವಳ ಪಕ್ಕ ಕೂತು, ಅವಳ ಬೆರಳುಗಳನ್ನು ತಮ್ಮ ಅಂಗೈಯಲ್ಲಿ ಇಟ್ಟುಕೊಂಡು, ದನಿ ತಗ್ಗಿಸಿ ಹೇಳಿದ್ದು ನನಗೆ ನೆನಪಿದೆ. "ಬಿಗಿ ಎಲ್ಲೈತಿ ಅಂತ ಮೊದಲ ಗೊತ್ತಾಗಬೇಕವಾ. ಗೊತ್ತಾಗಲಾರದ್ದನ್ನ ಬಿಡೂದ ಹೆಂಗ?"

ಪಾಠ ಮುಗಿಸಿ ಬಂದ ದಿನ ನಮ್ಮ ಬಾಗಿಲುಗಳು ಸಂಜೆಯವರೆಗೆ ಮಾತು ಕೇಳುತ್ತಿದ್ದವು. ಸಾವಂತ್ರಿ ಪಡಸಾಲೆಯಲ್ಲಿ ಮಗ್ಗುಲಾಗಿ ಮಲಗಿ ಚಹಾ ಆರಿಸುವ ಉಸಿರು ಬಿಡುತ್ತಿದ್ದರೆ, ಅಡುಗೆಮನೆಯ ಕಪಾಟು ಟಕ್ಕೆಂದು ತೆರೆದುಕೊಂಡು ನನಗೆ ಸಕ್ಕರೆ ಕೊಡುತ್ತಿತ್ತು. ಸಂಜೆಯಾಗುತ್ತಲೇ ಅವಳ ಮುಖ ಬಾಡುತ್ತಿತ್ತು, ಬಾಗಿಲುಗಳೂ ಮುನಿಸಿಕೊಳ್ಳುತ್ತಿದ್ದವು. ಆದರೂ ದಿನದಿಂದ ದಿನಕ್ಕೆ ತುಸು ಗುಣ ಕಾಣುತ್ತಿತ್ತು. ಇನ್ನಷ್ಟು ಕಾಲ ಹೀಗೇ ಬಿಟ್ಟಿದ್ದರೆ ಆಗುತ್ತಿತ್ತು. ಅಷ್ಟರಲ್ಲಿ ಕುಬಸ ಬಂತು.

ಸೀಮಂತಕ್ಕೆ ನಮ್ಮ ಕಡೆ ಕುಬಸ ಅನ್ನುತ್ತಾರೆ. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವುದು ಎಲ್ಲ ಊರುಗಳಲ್ಲೂ ಇದ್ದದ್ದೇ. ನಮ್ಮ ಊರಿನಲ್ಲಿ ಅದರ ಮೇಲೆ ಇನ್ನೊಂದಿದೆ. ಬಸುರಿಯನ್ನು ನಡುಮನೆಯಲ್ಲಿ ಕೂರಿಸಿ, ಐದು ಮಂದಿ ಮುತ್ತೈದೆಯರು ಮನೆಯ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಕಿರುಬೆರಳಿನಿಂದ ದೂಡಿ ನೋಡುತ್ತಾರೆ. ತೆರೆದರೆ "ಮನಿ ಚಲೋ ಐತಿ, ಸೊಸೀನ್ನ ಚಲೋ ಇಟ್ಟಾರ" ಎಂದು ಹಾಡು. ತೆರೆಯದಿದ್ದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಷ್ಟು ಸಾಲದೆ? ಬಡಿಗೇರ ಮನೆಯಲ್ಲಿ ಬಾಗಿಲು ತೆರೆಯದಿದ್ದರೆ ಏನು ಗತಿ ಎಂದು ಅತ್ತೆ ಕಂಡಕಂಡ ದೇವರಿಗೆಲ್ಲ ಕೈಮುಗಿದಳು. ಸಾವಂತ್ರಿ ಊಟ ಬಿಟ್ಟಳು.

ಕುಬಸದ ಹಿಂದಿನ ದಿನ ನಾವು ಹೆಂಗಸರು ಬಳೆ ಇಡಿಸಿಕೊಳ್ಳಲು ಪೇಟೆಗೆ ಹೋಗಿ ಬಂದೆವು. ಬಂದು ನೋಡಿದರೆ ಮುಂಬಾಗಿಲು ಮುಟ್ಟಿದ್ದೇ ತಡ, ಹೂವಿನ ಹಾಗೆ ತೆರೆದುಕೊಂಡಿತು. ಬಚ್ಚಲಿನದೂ ಹಾಗೇ, ಕೋಣೆಯದೂ ಹಾಗೇ, ಕಪಾಟು ಕಿಟಕಿಗಳದೂ ಹಾಗೇ. ಅತ್ತೆ ಹೊಸ್ತಿಲಿಗೆ ಹಣೆ ಹಚ್ಚಿ ನಮಸ್ಕಾರ ಮಾಡಿದಳು. ಮರುದಿನ ಐವರು ಮುತ್ತೈದೆಯರ ಕಿರುಬೆರಳಿಗೆ ಕೆಲಸವೇ ಇರಲಿಲ್ಲ. ಊರೆಲ್ಲ ಒಂದೇ ಮಾತು. ಅಂಥಾ ತಾಯಿಯ ಮಗಳು, ನೋಡ್ರಿ ಎಂಥಾ ಗಟ್ಟಿ ಜೀವ! ಎಲ್ಲರೂ ಹೊಗಳುತ್ತಿದ್ದಾಗ ಸಾವಂತ್ರಿ ತನ್ನ ಬಳೆಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಸರಿಸುತ್ತಾ ಕೂತಿದ್ದಳು.

ಅಲ್ಲಿಗೆ ಪಾಠವೂ ನಿಂತಿತು. "ಪಾಸ್ ಆದಮ್ಯಾಲೆ ಸಾಲಿಗೆ ಯಾರು ಹೋಗ್ತಾರ?" ಅಂದಳು ಅತ್ತೆ. ಒಂದು ಮಧ್ಯಾಹ್ನ ಮೆಣಸಿನಕಾಯಿ ಬಿಡಿಸುತ್ತಾ ಕೂತಾಗ ಸಾವಂತ್ರಿ ಮೆಲ್ಲನೆ, "ಅತ್ತೀ, ನನಗ ಯಾಕೋ ಭಾಳ ಅಂಜಿಕಿ ಅಕ್ಕೈತ್ರಿ" ಅಂದಳು. ಅತ್ತೆ ಬಚ್ಚಲಿನ ಬಾಗಿಲನ್ನು ಕಾಲಿನಿಂದ ಒಮ್ಮೆ ಹಿಂದೆ ಮುಂದೆ ಆಡಿಸಿ ತೋರಿಸಿ, "ಎಲ್ಲೈತಿ ಅಂಜಿಕಿ? ನೋಡು!" ಎಂದು ನಕ್ಕಳು. ಪಕ್ಕದ ಮನೆಯವರೂ ಅದನ್ನೇ ಅಂದರು, ನರ್ಸಮ್ಮನೂ ಅದನ್ನೇ ಅಂದಳು. ಸಾವಂತ್ರಿ ಆ ಬಾಗಿಲನ್ನೇ ಬಹಳ ಹೊತ್ತು ನೋಡಿ, "ಹೌದಲ್ಲ, ನನಗಽ ಹುಚ್ಚು" ಅಂದಳು. ಆಮೇಲೆ ಆ ಮಾತು ಎತ್ತಲಿಲ್ಲ. ಬರಬರುತ್ತಾ ಯಾವ ಮಾತನ್ನೂ ಎತ್ತಲಿಲ್ಲ. ಕೇಳಿದ್ದಕ್ಕೆ ಹೂಂ, ಉಣಬಡಿಸಿದ್ದಕ್ಕೆ ಸಾಕು. ನಾನು ಜಗಳಗಂಟಿ, ಮನೆಯಲ್ಲಿ ಸದ್ದು ಬೇಕು ನನಗೆ. ಅವಳ ಸುಮ್ಮನಿರುವಿಕೆ ನನಗೆ ಸಹಿಸಲಾಗಲಿಲ್ಲ.

ಗುಟ್ಟು ಒಡೆದದ್ದು ನನ್ನ ಕುಂಕುಮದ ಭರಣಿಯಿಂದ. ಕಟ್ಟಿಗೆಯ ಪುಟ್ಟ ಭರಣಿ, ನನ್ನ ಮದುವೆಯಲ್ಲಿ ಅವ್ವ ಕೊಟ್ಟದ್ದು. ಒಂದು ಬೆಳಿಗ್ಗೆ ಮುಚ್ಚಳ ತಿರುಗಿಸಿದರೆ ಅಲುಗಲೊಲ್ಲದು. ಸೆರಗು ಸುತ್ತಿ ತಿರುಗಿಸಿದೆ, ಎಣ್ಣೆ ಹಚ್ಚಿ ತಿರುಗಿಸಿದೆ, ಹಲ್ಲಿನಲ್ಲಿ ಕಚ್ಚಿದೆ. ಉಹೂಂ. ಅದನ್ನು ಕೈಯಲ್ಲಿ ಹಿಡಿದು ಕೂತವಳಿಗೆ ಆಗ ಹೊಳೆಯಿತು. ಮನೆಯ ಬಾಗಿಲುಗಳೆಲ್ಲ ಹೂವು, ಇದೊಂದೇಕೆ ಕಲ್ಲು? ಎದ್ದು ಹೋಗಿ ಕೋಣೆಯ ಬಾಗಿಲಿನ ಅಂಚನ್ನು ಬೆರಳಿನಿಂದ ಸವರಿದೆ. ಹೊಸದಾಗಿ ಹೆರೆದ ಕಟ್ಟಿಗೆ ಕೈಗೆ ಹತ್ತಿತು. ಮೇಲೆ ಎಣ್ಣೆ ತಿಕ್ಕಿ ಹಳೆಯ ಬಣ್ಣ ತಂದಿದ್ದರು. ಅಂಥ ಕೈಚಳಕ ಊರಿನಲ್ಲಿ ಒಬ್ಬನಿಗೇ ಇರುವುದು.

ಮೌನೇಶ ಹಿತ್ತಲಿನಲ್ಲಿ ಕಟ್ಟಿಗೆ ಹೆರೆಯುವ ಕೀಸುಳಿಯ ಅಲಗು ಮಸೆಯುತ್ತಿದ್ದ. ಭರಣಿಯನ್ನು ಅವನ ಮುಂದೆ ಕುಕ್ಕಿದೆ. "ಬಾಗಲಾ ಎಲ್ಲಾ ಕೀಸೀದಿ. ಇದನ್ನ ಯಾಕ ಬಿಟ್ಟೀಪಾ?" ಅಂದೆ. ಅವನ ಮುಖ ಇಷ್ಟಾಯಿತು. "ವೈನೀ, ಕುಬಸದ ದಿನ ಐದು ಮಂದಿ ಮುಂದ ಅಕಿ ಮಾರಿ ಬಾಡೂದು ನನಗ ನೋಡಾಕ ಆಗತಿದ್ದಿಲ್ರಿ. ನನ್ನ ಕೈಯಾಗ ಏನೈತಿ? ಕೀಸುಳಿ ಐತಿ. ಅದಕ್ಕ ಕೀಸಿದೆ" ಅಂದ. ಅಂಥವನನ್ನು ಬೈಯುವುದು ಹೇಗೆ? ಹಾಗಿದ್ದರೂ ಬೈದೆ. ನನ್ನ ಬೈಗುಳವನ್ನೆಲ್ಲ ಕೇಳಿಸಿಕೊಂಡು ಅವನು ಭರಣಿಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು, "ತಡೀರಿ, ಇದನ್ನೂ ಒಂದೀಟು ಕೀಸಿ ಕೊಡ್ತೀನಿ" ಅಂದ. ನಾನು ಅದನ್ನು ಕಸಿದುಕೊಂಡು ನೆಟ್ಟಗೆ ಜೈತುನಬಿ ಟೀಚರ ಮನೆಗೆ ಹೋದೆ.

ಟೀಚರು ಚಪ್ಪಲಿ ಮೆಟ್ಟಿಕೊಂಡು ನನ್ನ ಹಿಂದೆಯೇ ಬಂದರು. ಪಡಸಾಲೆಯಲ್ಲಿ ಸಾವಂತ್ರಿ ಗೋಡೆಗೆ ಒರಗಿ ಕೂತಿದ್ದಳು. ಟೀಚರು ಮೌನೇಶನಿಗೆ ಒಂದೇ ಮಾತು ಹೇಳಿದರು. "ತಗದದ್ದನ್ನ ತಿರುಗಿ ಹಚ್ಚು. ಅಕಿ ಮುಂದನಽ ಹಚ್ಚು." ಮೌನೇಶ ತೊದಲಿದ. ಹೆರಿಗೆಯ ದಿನ ಬಾಗಿಲು ತೆರೆಯದಿದ್ದರೆ ಅಂದ. "ಬಾಗಲದ ಚಿಂತಿ ನಿನಗ. ಆ ದಿನ ಅಕಿ ತನ್ನ ಅಂಜಿಕಿ ಜೋಡಿ ಒಬ್ಬಾಕೇನಽ ಕುಂಡರಬೇಕು, ಅದರ ಚಿಂತಿ ನನಗ" ಅಂದರು ಟೀಚರು. ಅಷ್ಟು ಹೇಳಿ ಕಟ್ಟೆಯ ಮೇಲೆ ಹೋಗಿ ಕೂತರು, ಡ್ರಿಲ್ ಮುಗಿಯುವುದನ್ನು ಕಾಯುವವರ ಹಾಗೆ.

ಮೌನೇಶ ಸಾಗವಾನಿ ಪಟ್ಟಿಗಳನ್ನು ಸೀಳಿ ತಂದ. ಹಳೆಯ ಕಟ್ಟಿಗೆ ಸಿಗಲಿಲ್ಲ, ಹೊಸ ಪಟ್ಟಿ ಬಿಳಿಚಿಕೊಂಡಿತ್ತು. ಒಂದೊಂದೇ ಬಾಗಿಲಿನ ಅಂಚಿಗೆ ಸರೇಸಿನ ಅಂಟು ಸವರಿ, ಪಟ್ಟಿ ಕೂರಿಸಿ, ಮೊಳೆ ಹೊಡೆಯುತ್ತಾ ಬಂದ. ಕೊನೆಯ ಮೊಳೆ ಮುಂಬಾಗಿಲಿನದು, ಅದನ್ನು ಹೊರಗಿನಿಂದ ಹೊಡೆದ. ಸಾವಂತ್ರಿ ಅಷ್ಟೂ ಹೊತ್ತು ಕಣ್ಣು ಕೀಳದೆ ನೋಡಿದಳು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದೆ. ಅತ್ತೆ ತಲೆಗೆ ಎರೆದುಕೊಳ್ಳಲು ಬಚ್ಚಲಿಗೆ ಹೋದದ್ದು ಅದರ ಬಾಗಿಲು ಮುಗಿದ ಮೇಲೆ, ಬಡಿಗೇರ ಮನೆಯ ದಿನದ ಬಡಿತವೆಂದುಕೊಂಡವಳಿಗೆ ಈ ಯಾವುದರ ಸುಳಿವೂ ಇರಲಿಲ್ಲ.

"ಅಂದ್ರ, ನೀವು ಕೀಸಿದ್ರೇನು?" ಎಂದು ಸಾವಂತ್ರಿ ಕೇಳಿದಳು.

"ಕೀಸಿದ್ನಿ," ಅಂದ ಮೌನೇಶ ಹೊರಗಿನಿಂದ. "ತಪ್ಪಾತು."

"ಅಂದ್ರ ನನ್ನ ಅಂಜಿಕಿ ಖರೇನಽ ಇತ್ತು? ನನಗ ಹುಚ್ಚು ಹಿಡದಿದ್ದಿಲ್ಲ?"

ಅವನು ಉತ್ತರ ಕೊಡುವ ಮೊದಲೇ ಮನೆಯ ಬಾಗಿಲುಗಳೆಲ್ಲ ಧಡ್ ಧಡ್ ಎಂದು ಮುಚ್ಚಿಕೊಂಡವು. ಮುಂಬಾಗಿಲು ಮೌನೇಶನ ಮೂಗಿನ ಮುಂದೆ ಮುಚ್ಚಿತು. ಅಡುಗೆಮನೆಯದು ನನ್ನನ್ನು ಒಳಗೆ ದೂಡಿ ಮುಚ್ಚಿತು. ಬಚ್ಚಲಿನಿಂದ ಅತ್ತೆ, "ಯಾರದು? ಸೀಗೀಪುಡಿ ಕಣ್ಣಾಗ ಹೋಗೇತಿ!" ಎಂದು ಚೀರಿದಳು. ಕೋಣೆಯಲ್ಲಿ ಮಲಗಿದ್ದ ಕಾಳಪ್ಪ ಹೆಗಲು ಕೊಟ್ಟು ಗುದ್ದಿದ ಸದ್ದು ಬಂತು, ಅದರ ಹಿಂದೆಯೇ ಅವನು ನರಳಿದ ಸದ್ದೂ ಬಂತು. ಪಡಸಾಲೆಯಲ್ಲಿ ಸಾವಂತ್ರಿ ಒಬ್ಬಳೇ. ಅವಳು ದೊಡ್ಡ ದನಿ ತೆಗೆದು ಅಳತೊಡಗಿದಳು. ಆ ಅಳುವಿನಲ್ಲಿ ದುಃಖ ಎಷ್ಟಿತ್ತೋ ಸಮಾಧಾನವೂ ಅಷ್ಟೇ ಇತ್ತು. ತನ್ನ ಮಾತು ಸುಳ್ಳಲ್ಲ ಎಂದು ಗೊತ್ತಾದವರು ಅಳುವ ಅಳು ಅದು.

ಆಮೇಲೆ ಅವಳು ಮಾತಾಡಿದಳು. ಬೇರೆ ದಿನವಾಗಿದ್ದರೆ ನಾವು ಬಿಡುತ್ತಿದ್ದೆವೇ? ಬಸುರಿ ಇಂಥದ್ದನ್ನೆಲ್ಲ ನೆನೆಸಬಾರದು ಎಂದು ಓಡಿಹೋಗಿ ಬಾಯಿ ಮುಚ್ಚಿಸುತ್ತಿದ್ದೆವು. ಈಗ ಓಡುವುದೆಲ್ಲಿಗೆ? ಒಬ್ಬೊಬ್ಬರು ಒಂದೊಂದು ಬಾಗಿಲಿನ ಹಿಂದೆ, ಕಿವಿ ಮಾತ್ರ ತೆರೆದಿತ್ತು. ಅವ್ವ ಒಳಗಿನಿಂದ ತನ್ನ ಹೆಸರು ಹಿಡಿದು ಕರೆದದ್ದನ್ನು ಹೇಳಿದಳು. ತಾನು ಓಗೊಡಬೇಕೆಂದಾಗ ಯಾರೋ ಬಾಯಿಗೆ ಕೈ ಒತ್ತಿ, "ಸುಮ್ನಿರು, ನಿಮ್ಮವ್ವ ಹೆದರತಾಳ" ಅಂದದ್ದನ್ನು ಹೇಳಿದಳು. ಕೊಡಲಿಯ ಏಟಿಗೆ ಬಾಗಿಲು ತನ್ನ ಅಂಗೈಯಡಿ ನಡುಗಿದ್ದನ್ನು ಹೇಳಿದಳು. "ಅವ್ವಾ, ನಾ ಇಲ್ಲೇ ಅದೀನಿ ಅಂತ ಒಂದಽ ಮಾತು ಅನ್ನಾಕ ಬಿಡಲಿಲ್ಲ ನನಗ. ಆಮ್ಯಾಲೂ ಯಾರೂ ಏನೂ ಅನ್ನಲಿಲ್ಲ. ನಾ ಬಂದಲ್ಲಿ ಮಾತು ನಿಂದರತಿತ್ತು" ಅಂದಳು. ನಾನು ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟೆ.

ಆಗ ಬಚ್ಚಲಿನಿಂದ ಅತ್ತೆಯ ದನಿ ಬಂತು. ಅವಳ ಆ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಸಾವಂತ್ರೀ, ಕಾಳಪ್ಪನ್ನ ಹಡಿಯೂ ಮುಂದ ನಾ ಸತ್ತಽ ಹೋಗ್ತೀನಿ ಅಂತ ಮಾಡಿದ್ನಿ. ಯಾರ ಮುಂದನೂ ಅಂದಿಲ್ಲ. ಅಂದ್ರ ಬಾಗಲಾ ಬಿಗಿತಾವ ಅಂತ ನನ್ನತ್ತಿ ಅಂದಿದ್ಲು" ಅಂದಳು. ಪಡಸಾಲೆಯಲ್ಲಿ ಅಳು ನಿಂತಿತು. ಸಾವಂತ್ರಿ ಮೂಗು ಒರೆಸಿಕೊಂಡು, "ನಿಮಗೂನ್ರೀ ಅತ್ತೀ?" ಅಂದಳು. ಬಚ್ಚಲಿನ ಬಾಗಿಲು ಕರ್ರೆಂದು ಬೆರಳಗಲ ತೆರೆಯಿತು. ಅತ್ತೆ ನೆನೆದ ತಲೆಯಲ್ಲಿ, ಕೆಂಪಗಾದ ಕಣ್ಣುಗಳಲ್ಲಿ ಹೊರಗೆ ಬಂದು ಸೊಸೆಯ ಪಕ್ಕ ಕೂತಳು. ನನ್ನ ಬಾಗಿಲು ಆಮೇಲೆ ತೆರೆಯಿತು. ಕಾಳಪ್ಪನದು ಸಂಜೆಯವರೆಗೂ ತೆರೆಯಲಿಲ್ಲ. ಯಾಕೆಂದು ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ.

ಪಾಠ ಮತ್ತೆ ಶುರುವಾಯಿತು. ಈ ಸಲ ಅತ್ತೆಯೂ ಬಂದಳು. ಚಾಪೆಯ ಮೇಲೆ ಮಲಗಿ ಮುಷ್ಟಿ ಹಿಡಿದು ಬಿಡುತ್ತಾ ನಿದ್ದೆಹೋಗಿ ಗೊರಕೆ ಹೊಡೆದಳು. ಟೀಚರು ಅವಳನ್ನು ತೋರಿಸಿ, "ಹಿಂಗ ಮಾಡ್ರಿ" ಅಂದರು. ನಮ್ಮ ಬಾಗಿಲುಗಳು ಆಗಾಗ ಬಿಗಿಯುತ್ತಿದ್ದವು, ಆದರೆ ಬಿಗಿದಾಗ ನಾವು ಗುದ್ದುತ್ತಿರಲಿಲ್ಲ. ಯಾರು ಹತ್ತಿರವಿದ್ದರೋ ಅವರು ಹೋಗಿ, ಏನಾತವಾ ಎಂದು ಕೇಳುತ್ತಿದ್ದರು.

ಹೆರಿಗೆ ಬಂದದ್ದು ಒಂದು ಮಟಮಟ ಮಧ್ಯಾಹ್ನ, ಎಣಿಸಿದ ದಿನಕ್ಕಿಂತ ಮುಂಚೆಯೇ. ಕೋಣೆಯಲ್ಲಿ ನಾನೂ ಸಾವಂತ್ರಿಯೂ ಗೋಧಿ ಹಸನು ಮಾಡುತ್ತಿದ್ದೆವು. ಅವಳು ಮೊರವನ್ನು ಕೆಳಗಿಟ್ಟು ನನ್ನ ತೋಳು ಹಿಡಿದಳು. ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಮೌನೇಶ ಓಡಿಹೋಗಿ ನರ್ಸಮ್ಮನನ್ನು ಕರೆತಂದ, ಜೈತುನಬಿ ಟೀಚರೂ ಬಂದರು. ಎಲ್ಲರೂ ಬಾಗಿಲಿನ ಆ ಕಡೆ, ನಾವಿಬ್ಬರೇ ಈ ಕಡೆ. ಅವಳ ಅವ್ವನಿಗೆ ಆದದ್ದೂ ಹೀಗೇ ಅಲ್ಲವೇ? ನನಗೆ ಎರಡು ಹೆರಿಗೆ ಆಗಿದೆ ಎಂದು ಜಂಬ ಪಡುತ್ತಿದ್ದವಳು ನಾನು. ಆಗ ದಿಂಬನ್ನು ಅವಳ ತಲೆಗೆ ಕೊಡುವ ಬದಲು ನಾನೇ ಅಪ್ಪಿಕೊಂಡು ನಿಂತಿದ್ದೆ.

ಹೊರಗೆ ಉಳಿ, ಸುತ್ತಿಗೆಗಳ ಸದ್ದಾಯಿತು. ಮೌನೇಶ ಬಾಗಿಲಿನ ಬಿಜಾಗರಿಯ ಕೀಲುಗಳನ್ನು ಕೀಳಲು ಬಂದಿದ್ದ. ಒಂದು ಏಟು ಬಿದ್ದದ್ದೇ ತಡ, ಬಾಗಿಲು ಚೌಕಟ್ಟಿನಲ್ಲಿ ಕಟಕಟ ಎಂದು ಇನ್ನೂ ಬಿಗಿಯಿತು, ಸಾವಂತ್ರಿಯ ಮುಖ ಬೂದಿಯಾಯಿತು. ಆಗ ಅವಳು ಕೂಗಿದಳು. "ಕಡೀಬ್ಯಾಡ್ರಿ! ಮಾತಾಡ್ರಿ! ಯಾರರ ಮಾತಾಡ್ರಿ!"

ಉಳಿ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಬಾಗಿಲಿನ ಆ ಬದಿಗೆ ಅಂಗೈ ಒತ್ತಿದ್ದು ಕೂಡ ಕೇಳಿಸಿತು ಎಂದರೆ ನೀವು ನಂಬಬೇಕು. "ಸಾವಂತ್ರೀ," ಅಂದ ಮೌನೇಶ, "ಅಂಜಿಕಿ ಆಗೇತೇನು?"

"ಭಾಳ ಆಗೇತ್ರಿ!"

"ನನಗೂ ಆಗೇತಿ. ನಾ ಇಲ್ಲೇ ಅದೀನಿ."

"ನಾನೂ ಇಲ್ಲೇ ಅದೀನವಾ," ಅಂದಳು ಅತ್ತೆ.

ಸಾವಂತ್ರಿ ಕಣ್ಣು ಮುಚ್ಚಿ ಉಸಿರು ಹೊರಗೆ ಬಿಟ್ಟಳು. ಬಿಸಿ ಚಹಾ ಆರಿಸುವ ಉಸಿರು. ಹೊರಗೆ ಟೀಚರು ಸೀಟಿ ಊದಲಿಲ್ಲ, ಗದರಲಿಲ್ಲ. ಕಲಿಸಿದ್ದನ್ನು ಹುಡುಗಿ ತಾನೇ ಮಾಡುತ್ತಿದ್ದಾಳೆಂದು ಆ ಹೆಂಗಸಿಗೆ ಬಾಗಿಲಿನಾಚೆಯಿಂದಲೇ ಗೊತ್ತಾಗಿರಬೇಕು. ನೋವು ಬಂದಾಗ ಸಾವಂತ್ರಿ ಅದನ್ನು ತಡೆಯಲಿಲ್ಲ, "ಬಂತು, ಬಂತು" ಎಂದು ಬಾಯಿಬಿಟ್ಟು ಹೇಳಿದಳು. ಹೋದಾಗ ಹೆಗಲು, ಹಣೆ, ಬೆರಳು ಒಂದೊಂದನ್ನೇ ಬಿಟ್ಟಳು. ನಡುವೆ ಕಣ್ಣು ತೆರೆದು ನನ್ನ ಕಡೆ ನೋಡಿ, "ಅಕ್ಕಾ, ದವಡಿ ಬಿಡ್ರಿ. ಹಲ್ಲು ಮುರಕೊಂಡೀರಿ" ಅಂದಳು. ಅಂಥ ಹೊತ್ತಿನಲ್ಲಿ ನನಗೆ ನಗು ಬಂತು. ಅವಳಿಗೂ ಬಂತು. ಬಾಗಿಲು ಒಂದು ಗೇಣು ತೆರೆಯಿತು.

ನರ್ಸಮ್ಮ ಮೊದಲು ಚೀಲ ತೂರಿಸಿದಳು. ಮುಂದಿನ ನೋವಿಗೆ ಬಾಗಿಲು ಚೀಲವನ್ನು ಕಚ್ಚಿಕೊಂಡಿತು. ಆ ನೋವು ಇಳಿದಾಗ ಮತ್ತೆ ಸಡಿಲಾಯಿತು, ನರ್ಸಮ್ಮ ಮಗ್ಗುಲಾಗಿ ನುಸುಳಿ ಒಳಗೆ ಬಂದಳು. ಬಾಗಿಲು ಬಿಗಿಯುವುದು, ಬಿಡುವುದು, ಬಿಗಿಯುವುದು, ಬಿಡುವುದು. ಅದಕ್ಕೆ ಹೆದರುವುದನ್ನು ನಾವು ಯಾವಾಗ ನಿಲ್ಲಿಸಿದೆವೋ ತಿಳಿಯದು. ಪ್ರತಿ ಸಲ ಬಿಟ್ಟಾಗಲೂ ಸಂದಿಯಲ್ಲಿ ಮೌನೇಶನ ಒಂದು ಕಣ್ಣು ಕಾಣುತ್ತಿತ್ತು, ಪ್ರತಿ ಸಲವೂ ಅವನು "ಇಲ್ಲೇ ಅದೀನಿ" ಅನ್ನುತ್ತಿದ್ದ. ಬಿಸಿಲು ಅಂಗಳ ದಾಟುವ ಹೊತ್ತಿಗೆ ಸಾವಂತ್ರಿ ಹೆಣ್ಣುಮಗುವನ್ನು ಹೆತ್ತಳು. ಕೂಸಿನ ಅಳು ಕೇಳಿದ್ದೇ ತಡ ಕೋಣೆಯದಷ್ಟೇ ಅಲ್ಲ, ಮನೆಯ ಎಲ್ಲ ಬಾಗಿಲುಗಳೂ ಹಾರುಹೊಡೆದವು. ಕಿಟಕಿ, ಕಪಾಟು, ಹಿಟ್ಟಿನ ಪೆಟ್ಟಿಗೆ, ಎಲ್ಲ. ನನ್ನ ಕುಂಕುಮದ ಭರಣಿಯ ಮುಚ್ಚಳ ಎಲ್ಲಿ ಹಾರಿತೋ, ಇವತ್ತಿಗೂ ಸಿಕ್ಕಿಲ್ಲ.

ಆ ಬಾಗಿಲುಗಳಿಗೆ ಬಿಳಿಯ ಪಟ್ಟಿಗಳು ಈಗಲೂ ಇವೆ. ಇಂಥ ತೇಪೆ ಹಾಕಿದ ಬಾಗಿಲು ಬಡಿಗೇರ ಮನೆಗೆ ಶೋಭೆಯಲ್ಲ, ಹೊಸವನ್ನು ಮಾಡುತ್ತೇನೆ ಎಂದು ಮೌನೇಶ ಹೊರಟಾಗ ಬೇಡವೆಂದವಳು ಅತ್ತೆ. ಊರಿನ ಕುಬಸಗಳಲ್ಲಿ ಮುತ್ತೈದೆಯರು ಇವತ್ತಿಗೂ ಬಾಗಿಲು ದೂಡುತ್ತಾರೆ, ಹಳೆಯ ರೂಢಿ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಆದರೆ ನಮ್ಮ ಓಣಿಯಲ್ಲಿ ಅದಕ್ಕೂ ಮೊದಲು ಒಬ್ಬ ಹಿರಿಯಳು ಬಸುರಿಯ ಪಕ್ಕ ಕೂತು, ಕೈ ಹಿಡಿದು, ಅಂಜಿಕಿ ಐತೇನವಾ ಎಂದು ಕೇಳಬೇಕು. ಆ ಕೆಲಸ ಹೆಚ್ಚಾಗಿ ನೀಲವ್ವನ ಪಾಲಿಗೆ ಬರುತ್ತದೆ. ಸಾವಂತ್ರಿ ಆಗಾಗ ಟೀಚರ ಚಪ್ಪರಕ್ಕೆ ಹೋಗಿ ಹೊಸಬರ ಪಕ್ಕ ಕೂರುತ್ತಾಳೆ. ಸೀಟಿ ಅವಳ ಕೈಗೆ ಇನ್ನೂ ಬಂದಿಲ್ಲ, ಜೈತುನಬಿ ಟೀಚರು ಅದನ್ನು ಸುಲಭಕ್ಕೆ ಬಿಡುವವರಲ್ಲ.

ಆ ದಿನದ್ದು ಒಂದು ಮಾತು ಉಳಿದಿದೆ. ಕೂಸನ್ನು ಎರೆದು ಮಲಗಿಸಿ, ಎಲ್ಲರೂ ಸಕ್ಕರೆ ಹಂಚಲು ಹೊರಗೆ ಹೋದಮೇಲೆ ನಾನು ಕೋಣೆಯಲ್ಲಿ ಚೆಲ್ಲಿದ್ದ ಗೋಧಿ ಬಳಿಯುತ್ತಿದ್ದೆ. ಸಾವಂತ್ರಿ ನಿದ್ದೆಹೋಗಿದ್ದಾಳೆಂದು ತಿಳಿದಿದ್ದೆ. ಅವಳು ಕಣ್ಣು ಮುಚ್ಚಿಕೊಂಡೇ, "ಅಕ್ಕಾ, ನಿಮ್ಮ ಹೆರಿಗಿ ಮುಂದ ನಿಮಗೂ ಅಂಜಿಕಿ ಆಗಿತ್ತೇನ್ರಿ?" ಎಂದು ಕೇಳಿದಳು.

ನನ್ನ ಹಿರಿಯ ಮಗನಿಗೆ ಆಗಲೇ ಮೀಸೆ ಬಂದಿತ್ತು. ಕಿರಿಯವನು ಅಪ್ಪನ ಸಮ ಹಲಗೆ ಹೊರುತ್ತಿದ್ದ. ಅಷ್ಟು ವರ್ಷಗಳಲ್ಲಿ ಈ ಮಾತನ್ನು ನನಗೆ ಯಾರೂ ಕೇಳಿರಲಿಲ್ಲ. ಛೇ, ನನಗೇನು ಅಂಜಿಕೆ ಎಂದು ಅನ್ನಲು ಬಾಯಿ ತೆರೆದೆ. ಗೋಧಿ ಕೈಯಿಂದ ಜಾರಿ ಮತ್ತೆ ನೆಲದ ಮೇಲೆ ಚೆಲ್ಲಿತು.

"ಭಾಳ ಆಗಿತ್ತವಾ," ಅಂದೆ. ಅಷ್ಟಕ್ಕೇ ಅಳು ಬಂತು.

ಸಾವಂತ್ರಿ ಕೂಸನ್ನು ಮೆಲ್ಲನೆ ಆ ಮಗ್ಗುಲಿಗೆ ಸರಿಸಿ, ಹಾಸಿಗೆಯಲ್ಲಿ ನನಗೆ ಜಾಗ ಮಾಡಿದಳು. "ಹೇಳ್ರಿ ಅಕ್ಕಾ," ಅಂದಳು. "ನಾ ಇಲ್ಲೇ ಅದೀನಿ."